ಎ ರೇಸಿನ್ ಇನ್ ದ ಸನ್

ಎ ರೇಸಿನ್ ಇನ್ ದ ಸನ್ ಎಂಬುದು ಅಮೆರಿಕದ ನಾಟಕಕರ್ತೃ ಲೊರೇನ್ ಹ್ಯಾನ್ಸ್‌ಬೆರಿ (1930-1965) ಇಂಗ್ಲಿಷಿನಲ್ಲಿ ರಚಿಸಿದ, ಮೂರು ಅಂಕಗಳ, ವಾಸ್ತವಿಕ ಶೈಲಿಯ ಗಂಭೀರ ನಾಟಕ. ಷಿಕಾಗೊ ನಗರದ ದಕ್ಷಿಣಭಾಗದಲ್ಲಿ ವಾಸವಾಗಿರುವ ಯಂಗರ್ ಎಂಬ ಕಪ್ಪುಜನಾಂಗದ ಶ್ರಮಜೀವಿ ಕುಟುಂಬವೊಂದು, ಮೃತನಾದ ಯಜಮಾನನ ಜೀವವಿಮೆಯಿಂದ ಬಂದ 10,000 ಡಾಲರುಗಳ ವಿನಿಯೋಗದ ವಿಷಯದಲ್ಲಿ ತನ್ನೊಳಗೇ ಕಲಹಕ್ಕೀಡಾಗಿ, ಕಡೆಗೆ ಬಿಳಿಯರ ಬಡಾವಣೆಯಲ್ಲಿ ಕೊಂಡ ಮನೆಗೆ ಅಲ್ಲಿಯ ನಿವಾಸಿಗಳ ವರ್ಣದ್ವೇಷವನ್ನು ಲೆಕ್ಕಿಸದೆ ಹೊರಟುನಿಲ್ಲುವ ವೃತ್ತಾಂತ ಇದರ ವಸ್ತು. 1959ರ ಮಾರ್ಚ್ 11ರಂದು ನ್ಯೂಯಾರ್ಕಿನ ಎಥೆಲ್ ಬ್ಯಾರಿಮೋರ್ ರಂಗಮಂದಿರದಲ್ಲಿ ಪ್ರಥಮವಾಗಿ ಪ್ರದರ್ಶಿತವಾಯಿತು. ಕಪ್ಪುಜನಾಂಗದ ಮಹಿಳೆಯೊಬ್ಬಳು ಬರೆದ ನಾಟಕ ಬ್ರಾಡ್‌ವೇಯ ರಂಗವನ್ನೇರಿದುದು ಅದೇ ಮೊದಲು.

ಹಿನ್ನೆಲೆ

ಇಪ್ಪತ್ತನೆಯ ಶತಮಾನದ ಆದಿಭಾಗದಿಂದ ಅಮೆರಿಕದ ದಕ್ಷಿಣ ಸಂಸ್ಥಾನಗಳ ಕಪ್ಪುಜನರು, ಹತ್ತಿಯ ಹೊಲಗಳ ಗೇಣಿಯ ದುಡಿಮೆಯನ್ನೂ ಅಲ್ಲಿಯ ಪ್ರತ್ಯೇಕತಾ ಶಾಸನಗಳನ್ನೂ ಗುಂಪುಕೊಲೆಗಳ ಭೀತಿಯನ್ನೂ ಹಿಂದಿಕ್ಕಿ, ಉತ್ತರದ ಕೈಗಾರಿಕಾ ನಗರಗಳಿಗೆ ಲಕ್ಷೋಪಲಕ್ಷವಾಗಿ ವಲಸೆ ಬಂದರು. ಮಹಾವಲಸೆ ಎಂದು ಹೆಸರಾದ ಈ ಚಲನೆಯ ಫಲವಾಗಿ ಷಿಕಾಗೊದಲ್ಲಿ 1910ರಲ್ಲಿ ಸುಮಾರು 44,000 ಇದ್ದ ಅವರ ಸಂಖ್ಯೆ 1940ರ ವೇಳೆಗೆ ಸುಮಾರು 2,78,000ಕ್ಕೂ 1950ರ ವೇಳೆಗೆ ಸುಮಾರು 4,92,000ಕ್ಕೂ ಏರಿತು. ಜನ ಹೀಗೆ ಹೆಚ್ಚಿದರೂ ಅವರು ನೆಲಸಬಹುದಾದ ಭೂಮಿ ಅದಕ್ಕೆ ತಕ್ಕಂತೆ ಹಿಗ್ಗಲಿಲ್ಲ. ದಕ್ಷಿಣಭಾಗದ ಇಕ್ಕಟ್ಟಾದ ಪಟ್ಟಿಯೊಂದರಲ್ಲಿಯೇ ಅವರು ಒತ್ತೊತ್ತಾಗಿ ಬಾಳಬೇಕಾಯಿತು. ಆ ಎಲ್ಲೆಯನ್ನು ದಾಟದಂತೆ ತಡೆದ ಮುಖ್ಯ ಸಾಧನ ನಿರ್ಬಂಧಕರಾರು.

ನಿರ್ಬಂಧಕರಾರು ಎಂದರೆ, ಒಂದು ಬಡಾವಣೆಯ ಸ್ವತ್ತುದಾರರು ತಮ್ಮ ಮನೆ ನಿವೇಶನಗಳನ್ನು ಕಪ್ಪುಜನರಿಗೆ ಮಾರುವುದಿಲ್ಲ, ಬಾಡಿಗೆಗೆ ಕೊಡುವುದಿಲ್ಲ ಎಂದು ಪರಸ್ಪರ ಬರೆದುಕೊಂಡು ನೋಂದಾಯಿಸುತ್ತಿದ್ದ ಒಪ್ಪಂದ. ಜನಾಂಗವನ್ನು ನೋಡಿ ವಸತಿಯ ಬೀದಿಗಳನ್ನು ವಿಂಗಡಿಸುವ ನಗರಸಭೆಗಳ ಶಾಸನಗಳನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1917ರಲ್ಲಿ ಅಸಿಂಧುವೆಂದು ಸಾರಿದ ಬಳಿಕ, ಶಾಸನದಿಂದ ಆಗದುದನ್ನು ಖಾಸಗಿ ಪತ್ರದಿಂದ ಸಾಧಿಸುವ ಈ ಪದ್ಧತಿ ಪ್ರಬಲವಾಯಿತು. 1926ರಲ್ಲಿ ಅದೇ ನ್ಯಾಯಾಲಯ ಇಂಥ ಪತ್ರಗಳ ವಿಷಯದಲ್ಲಿ ಕೈಹಾಕಲು ನಿರಾಕರಿಸಿದುದರಿಂದ ಅದು ಮತ್ತಷ್ಟು ಬೇರೂರಿತು. 1934ರಲ್ಲಿ ಸ್ಥಾಪಿತವಾದ ಕೇಂದ್ರ ವಸತಿ ಆಡಳಿತವು ಮನೆಸಾಲಗಳಿಗೆ ನೀಡುತ್ತಿದ್ದ ವಿಮೆಯನ್ನು ಕಪ್ಪುಜನರ ಮೊಹಲ್ಲಾಗಳಿಗೆ ಸಾಮಾನ್ಯವಾಗಿ ನಿರಾಕರಿಸಿತು. ಹೀಗೆ ಕೊಳ್ಳುವ ದಾರಿಯೂ ಸಾಲದ ದಾರಿಯೂ ಮುಚ್ಚಿಹೋದಾಗ, ಒಂದು ಸಂಸಾರಕ್ಕೆಂದು ಕಟ್ಟಿದ ಮನೆಯನ್ನು ಹಲವು ಬಿಡಾರಗಳಾಗಿ ಸೀಳಿ, ಸ್ನಾನಗೃಹವನ್ನು ಹಜಾರದಲ್ಲಿ ಎಲ್ಲರಿಗೂ ಪಾಲಾಗಿ ಬಿಟ್ಟು, ಹೆಚ್ಚಿನ ಬಾಡಿಗೆ ಎತ್ತುವ 'ಕಿಚನೆಟ್' ಪದ್ಧತಿ ಬೆಳೆಯಿತು. ಎಲ್ಲೆ ದಾಟಿಹೋದವರನ್ನು ಹಿಂಸೆ ಎದುರುಗೊಳ್ಳುತ್ತಿತ್ತು. ಷಿಕಾಗೊಗೆ ಅಂಟಿಕೊಂಡ ಸಿಸೆರೊ ಪಟ್ಟಣದಲ್ಲಿ 1951ರಲ್ಲಿಯೂ, ನಗರದ ಟ್ರಂಬುಲ್ ಪಾರ್ಕ್ ವಸತಿಗಳಲ್ಲಿ 1953ರಿಂದಲೂ, ಹೊಸದಾಗಿ ಬಂದ ಕಪ್ಪುಜನಾಂಗದ ಸಂಸಾರಗಳ ಮೇಲೆ ಬಿಳಿಯರ ಗುಂಪುಗಳು ನಡೆಸಿದ ದಾಳಿಗಳು ನಾಟಕ ರಚಿತವಾದ ಕಾಲದಲ್ಲಿ ಜನರ ನೆನಪಿನಲ್ಲಿ ಹಸಿಯಾಗಿದ್ದುವು.

ಈ ನಾಟಕದಲ್ಲಿ ವರ್ಣದ್ವೇಷವು ಬೈಗುಳವಾಗಿಯೋ ಹೊಡೆತವಾಗಿಯೋ ಕಾಣಿಸದೆ, ಮನೆಯ ಬೆಲೆ, ಬಾಡಿಗೆ, ಕರಾರು, ಸಂಘದ ಠರಾವು ಇವುಗಳ ರೂಪದಲ್ಲಿಯೇ ಬಾಗಿಲಿಗೆ ಬರುವುದರ ಕಾರಣ ಮೇಲೆ ಹೇಳಿದ ಚರಿತ್ರೆಯಲ್ಲಿದೆ.

ಕರ್ತೃ

ಲೊರೇನ್ ವಿವಿಯನ್ ಹ್ಯಾನ್ಸ್‌ಬೆರಿ 1930ರ ಮೇ 19ರಂದು ಷಿಕಾಗೊದಲ್ಲಿ, ನಾಲ್ವರು ಮಕ್ಕಳಲ್ಲಿ ಕಿರಿಯವಳಾಗಿ ಜನಿಸಿದಳು. ತಂದೆ ಕಾರ್ಲ್ ಆಗಸ್ಟಸ್ ಹ್ಯಾನ್ಸ್‌ಬೆರಿ ಸ್ಥಿರಾಸ್ತಿಯ ವ್ಯಾಪಾರಿ. ಕಿಚನೆಟ್ ಬಿಡಾರಗಳನ್ನು ಬಾಡಿಗೆಗೆ ಕೊಟ್ಟು ಸಂಪತ್ತನ್ನು ಗಳಿಸಿದವನು. ತಾಯಿ ನ್ಯಾನಿ ಪೆರಿ ಹ್ಯಾನ್ಸ್‌ಬೆರಿ ಸಾರ್ವಜನಿಕ ಕಾರ್ಯಗಳಲ್ಲಿ ತೊಡಗಿದ್ದವಳು. ಆದುದರಿಂದ ನಾಟಕದ ಯಂಗರ್ ಮನೆತನ ಕರ್ತೃವಿನ ಸ್ವಂತ ಮನೆತನದ ಚಿತ್ರವೆಂದು ಭಾವಿಸುವುದು ಸರಿಯಲ್ಲ. ತನ್ನ ತಂದೆಯ ಬಿಡಾರಗಳಂಥವುಗಳಲ್ಲಿ ಬಾಡಿಗೆಗಿದ್ದ, ತನ್ನ ಜೊತೆಯಲ್ಲಿ ಶಾಲೆಗೆ ಬರುತ್ತಿದ್ದ ಮಕ್ಕಳ ಮನೆಗಳನ್ನು ಆಕೆ ರಂಗದ ಮೇಲೆ ತಂದಳು. ಆದರೆ ಬಿಳಿಯರ ಬಡಾವಣೆಗೆ ಹೋಗುವ ಘಟನೆ ಮಾತ್ರ ಆಕೆಯ ಮನೆಯದೇ.

1937ರಲ್ಲಿ ಕಾರ್ಲ್ ಹ್ಯಾನ್ಸ್‌ಬೆರಿ, ನಿರ್ಬಂಧಕರಾರಿಗೆ ಒಳಪಟ್ಟಿದ್ದ ವಾಷಿಂಗ್‌ಟನ್ ಪಾರ್ಕ್ ಉಪವಿಭಾಗದಲ್ಲಿ, ದಕ್ಷಿಣ ರೋಡ್ಸ್ ಅವೆನ್ಯೂ 6140ನೆಯ ಸಂಖ್ಯೆಯ ಮನೆಯನ್ನು ಕೊಂಡನು. ಸಂಸಾರ ಅಲ್ಲಿಗೆ ಹೋದ ಮೇಲೆ ಮನೆಯ ಮುಂದೆ ಗುಂಪು ನೆರೆಯಿತು. ಕಿಟಕಿಯೊಳಗಿಂದ ತೂರಿಬಂದ ಕಲ್ಲು ಆಗ ಏಳು ಎಂಟು ವರ್ಷದ ಬಾಲಿಕೆಯಾಗಿದ್ದ ಲೊರೇನಳಿಗೆ ತಗಲುವುದು ಕೂದಲೆಳೆಯಲ್ಲಿ ತಪ್ಪಿತು. ತಂದೆ ಮೊಕದ್ದಮೆಗಾಗಿ ಊರಿನಿಂದೂರಿಗೆ ಓಡಾಡುತ್ತಿರಲು, ತಾಯಿ ರಾತ್ರಿಯೆಲ್ಲ ಪಿಸ್ತೂಲು ಹಿಡಿದು ಮನೆಯನ್ನು ಕಾದಳು. ನೆರೆಯ ಸ್ವತ್ತುದಾರರು ಹೂಡಿದ ದಾವೆ ಇಲಿನಾಯ್ ಸಂಸ್ಥಾನದ ಉಚ್ಚ ನ್ಯಾಯಾಲಯದವರೆಗೆ ಹೋಗಿ ಹ್ಯಾನ್ಸ್‌ಬೆರಿಗಳಿಗೆ ವಿರುದ್ಧವಾಗಿ ಮುಗಿಯಿತು. ಕರಾರು ಸಿಂಧುವಾಗಬೇಕಾದರೆ ಆ ಪ್ರದೇಶದ ಮುಂಬದಿಯಲ್ಲಿ ಶೇಕಡ 95ರಷ್ಟು ಭಾಗದ ಒಡೆಯರು ಸಹಿಮಾಡಿರಬೇಕೆಂಬ ನಿಯಮವಿತ್ತು; ವಾಸ್ತವವಾಗಿ ಸಹಿಮಾಡಿದ್ದವರು ಶೇಕಡ 54ರಷ್ಟು ಭಾಗದವರು ಮಾತ್ರ. ಆದರೂ ಹಿಂದಿನ ಬೇರೊಂದು ದಾವೆಯಲ್ಲಿ ನಿಯಮ ಪಾಲಿತವಾಗಿದೆಯೆಂದು ಉಭಯಪಕ್ಷದವರೂ ಒಪ್ಪಿಕೊಂಡಿದ್ದುದರಿಂದ ಆ ತೀರ್ಪು ಎಲ್ಲರಿಗೂ ಬಂಧಕವೆಂಬುದು ಸಂಸ್ಥಾನದ ನ್ಯಾಯಾಲಯದ ವಾದವಾಗಿತ್ತು. 1940ರ ನವೆಂಬರ್ 12ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ, ಹಳೆಯ ದಾವೆಯಲ್ಲಿ ಪಕ್ಷಗಾರರಾಗಿಲ್ಲದವರನ್ನು ಅದರ ತೀರ್ಪಿನಿಂದ ಕಟ್ಟಿಹಾಕುವುದು ನ್ಯಾಯವಿಧಾನಕ್ಕೆ ವಿರುದ್ಧವೆಂದು ಹೇಳಿ, ಹ್ಯಾನ್ಸ್‌ಬೆರಿ ವಿರುದ್ಧ ಲೀ ಎಂದು ಪ್ರಸಿದ್ಧವಾದ ಆ ಮೊಕದ್ದಮೆಯನ್ನು ಅವರ ಪಕ್ಷಕ್ಕೆ ತೀರ್ಮಾನಿಸಿತು. ನಿರ್ಬಂಧಕರಾರು ಸ್ವತಃ ಅನ್ಯಾಯವೆಂಬ ಮಾತನ್ನು ಆ ತೀರ್ಪು ಆಡಲಿಲ್ಲ. ಅಂಥ ಕರಾರುಗಳನ್ನು ನ್ಯಾಯಾಲಯಗಳು ಜಾರಿಗೊಳಿಸಕೂಡದೆಂಬ ನಿರ್ಣಯ 1948ರಲ್ಲಿ ಷೆಲಿ ವಿರುದ್ಧ ಕ್ರೇಮರ್ ಮೊಕದ್ದಮೆಯಲ್ಲಿ ಬಂದಿತು. ಕಾರ್ಲ್ ಹ್ಯಾನ್ಸ್‌ಬೆರಿ ಅದನ್ನು ನೋಡಲು ಉಳಿದಿರಲಿಲ್ಲ. ಸ್ವದೇಶದಲ್ಲಿ ಬೇಸತ್ತು ಮೆಕ್ಸಿಕೊದಲ್ಲಿ ನೆಲಸುವ ಯೋಚನೆಯಲ್ಲಿದ್ದ ಅವನು 1946ರಲ್ಲಿ ಅಲ್ಲಿಯೇ ಮೃತನಾದನು.

ಲೊರೇನ್ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಎರಡು ವರ್ಷ ಓದಿ, ವ್ಯಾಸಂಗವನ್ನು ಮುಗಿಸದೆ 1950ರಲ್ಲಿ ನ್ಯೂಯಾರ್ಕಿಗೆ ಬಂದು, ಗಾಯಕ ಪಾಲ್ ರೋಬ್ಸನ್ ನಡೆಸುತ್ತಿದ್ದ ಫ್ರೀಡಮ್ ಪತ್ರಿಕೆಯಲ್ಲಿ ಕೆಲಸಮಾಡಿದಳು. ಆಫ್ರಿಕದ ಸ್ವಾತಂತ್ರ್ಯ ಚಳವಳಿಗಳ ಪರಿಚಯ ಆಕೆಗೆ ಗಾಢವಾಗಿ ಆದುದು ಆ ಪತ್ರಿಕೆಯ ಬಳಗದಲ್ಲಿ. 1953ರಲ್ಲಿ ರಾಬರ್ಟ್ ನೆಮಿರಾಫ್‌ನನ್ನು ವಿವಾಹವಾದಳು.

ರಚನೆ ಮತ್ತು ಶೀರ್ಷಿಕೆ

ವಿಶ್ವವಿದ್ಯಾನಿಲಯದಲ್ಲಿದ್ದಾಗ ಐರಿಷ್ ನಾಟಕಕಾರ ಷಾನ್ ಓಕೇಸಿಯ ಜುನೊ ಅಂಡ್ ದ ಪೇಕಾಕ್ ನಾಟಕವನ್ನು ರಂಗದ ಮೇಲೆ ಕಂಡುದು ಹ್ಯಾನ್ಸ್‌ಬೆರಿಯ ಸಾಹಿತ್ಯಜೀವನದಲ್ಲಿ ನಿರ್ಣಾಯಕವಾಯಿತು. ಡಬ್ಲಿನ್ನಿನ ಬಡ ಬಿಡಾರವೊಂದರಲ್ಲಿ, ಬರಲಿರುವ ಆಸ್ತಿಯನ್ನು ನೆಚ್ಚಿ ಕುಳಿತ ಸಂಸಾರದ ಆ ಕಥೆಯಲ್ಲಿ, ಒಂದು ಜನತೆಯ ವಿಶಿಷ್ಟ ನುಡಿ ನಡೆಗಳನ್ನು ಕಿಂಚಿತ್ತೂ ಮರೆಮಾಚದೆ ಚಿತ್ರಿಸಿದರೇ ಅದು ಸರ್ವಮಾನವರ ಕಥೆಯಾಗಬಲ್ಲದೆಂಬುದನ್ನು ಆಕೆ ಗುರುತಿಸಿದಳು. 1956ರಲ್ಲಿ ಪತಿ ಮತ್ತು ಅವನ ಮಿತ್ರನೊಬ್ಬ ಸೇರಿ ಬರೆದ ಹಾಡೊಂದು ಜನಪ್ರಿಯವಾಗಿ, ಅದರ ಗೌರವಧನದಿಂದ ಆಕೆಗೆ ಬೇರೆ ದುಡಿಮೆಗಳನ್ನು ಬಿಟ್ಟು ಬರೆವಣಿಗೆಗೇ ಕೂರುವ ಅನುಕೂಲ ದೊರೆಯಿತು. 1957ರ ವೇಳೆಗೆ ನಾಟಕ ಸಿದ್ಧವಾಯಿತು.

ಮೊದಲು ಇಟ್ಟ ಹೆಸರು ದ ಕ್ರಿಸ್ಟಲ್ ಸ್ಟೇರ್. ಅನಂತರ ಅದನ್ನು ಬಿಟ್ಟು, ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ 1951ರಲ್ಲಿ ಪ್ರಕಟಿಸಿದ ಹಾರ್ಲೆಮ್ ಎಂಬ ಕಿರುಕವಿತೆಯಿಂದ ಈಗಿನ ಶೀರ್ಷಿಕೆಯನ್ನು ಆರಿಸಲಾಯಿತು. ಕೈಗೂಡದೆ ಮುಂದೆ ಮುಂದೆ ತಳ್ಳಲ್ಪಟ್ಟ ಕನಸಿನ ಗತಿಯೇನೆಂದು ಕೇಳುವ ಆ ಕವಿತೆಯಲ್ಲಿ ಬರುವ ಉಪಮೆಗಳಲ್ಲೊಂದು ಬಿಸಿಲಿಗೆ ಬಿದ್ದ ಒಣದ್ರಾಕ್ಷಿ. ಶೀರ್ಷಿಕೆಯ ಅರ್ಥವೂ ಅದೇ.

ಕಥಾವಸ್ತು

ಎರಡನೆಯ ಮಹಾಯುದ್ಧದ ಅನಂತರದ ಷಿಕಾಗೊ. ಎರಡು ಮಲಗುವ ಕೋಣೆಗಳ ಹಳೆಯ ಬಿಡಾರವೊಂದರಲ್ಲಿ ಮೂರು ತಲೆಮಾರಿನ ಐವರು ವಾಸವಾಗಿದ್ದಾರೆ. ವಿಧವೆ ಲೀನಾ ಯಂಗರ್ ಅರುವತ್ತು ದಾಟಿದವಳು, ಮನೆಯವರಿಗೆ ಮಾಮಾ. ಅವಳ ಮಗ ವಾಲ್ಟರ್ ಲೀ ಮೂವತ್ತೈದು ವಯಸ್ಸಿನವನು, ಬಿಳಿಯ ಧನಿಕನೊಬ್ಬನ ಕಾರಿನ ಚಾಲಕ. ಸೊಸೆ ರೂತ್ ಪರರ ಮನೆಗಳಲ್ಲಿ ಕೆಲಸಮಾಡುತ್ತಾಳೆ. ಮಗಳು ಬೆನೀತಾ ವೈದ್ಯಳಾಗಬಯಸುವ ಕಾಲೇಜು ವಿದ್ಯಾರ್ಥಿನಿ. ಮೊಮ್ಮಗ ಟ್ರಾವಿಸ್, ಹತ್ತು ಹನ್ನೊಂದು ವಯಸ್ಸಿನವನು, ನಡುಮನೆಯ ಸೋಫಾದ ಮೇಲೆ ಮಲಗುತ್ತಾನೆ. ಬೆಳಗ್ಗೆ ಅವನನ್ನು ಎಬ್ಬಿಸಿ, ಹಜಾರದ ಸ್ನಾನಗೃಹ ನೆರೆಯವರ ಪಾಲಾಗುವುದಕ್ಕೆ ಮೊದಲೇ ಅಟ್ಟುವುದರಿಂದ ನಾಟಕ ಪ್ರಾರಂಭವಾಗುತ್ತದೆ. ಶಾಲೆಗೆ ಬೇಕಾದ ಐವತ್ತು ಸೆಂಟುಗಳನ್ನು ತಾಯಿ ಇಲ್ಲವೆನ್ನುತ್ತಾಳೆ, ತಂದೆ ಅಭಿಮಾನಕ್ಕಾಗಿ ಎರಡರಷ್ಟು ಕೊಡುತ್ತಾನೆ. ಈ ಸಂಸಾರದಲ್ಲಿ ಹಣವೆಂದರೆ ಏನೆಂಬುದು ಅಷ್ಟರಲ್ಲಿಯೇ ತಿಳಿದುಹೋಗುತ್ತದೆ.

ಮರುದಿನ ಅಂಚೆಯಲ್ಲಿ ಬರಲಿರುವ 10,000 ಡಾಲರುಗಳು ತಂದೆಯ ಪ್ರಾಣದ ಬೆಲೆ. ವಾಲ್ಟರ್ ಅದನ್ನು ವಿಲಿ ಹ್ಯಾರಿಸ್ ಮತ್ತು ಬೋಬೊ ಎಂಬ ಇಬ್ಬರ ಪಾಲುಗಾರಿಕೆಯಲ್ಲಿ ಮದ್ಯದಂಗಡಿಗೆ ತೊಡಗಿಸಬೇಕೆಂದು ಹಂಬಲಿಸುತ್ತಾನೆ. ಬೆನೀತಾಳ ಓದಿಗೂ ಅದರಲ್ಲಿ ಒಂದು ಭಾಗ ಮೀಸಲು. ಈ ನಡುವೆ ಗರ್ಭಿಣಿಯಾದ ರೂತ್, ಇನ್ನೊಂದು ಜೀವವನ್ನು ಆ ಇಕ್ಕಟ್ಟಿಗೆ ತರಲಾರದೆ ಗರ್ಭಪಾತಕ್ಕೆ ಐದು ಡಾಲರು ಮುಂಗಡ ಕೊಟ್ಟುಬಂದಿರುತ್ತಾಳೆ. ಸಂಸಾರ ಕಣ್ಣೆದುರಿನಲ್ಲಿಯೇ ಒಡೆಯುತ್ತಿರುವುದನ್ನು ಕಂಡ ಲೀನಾ, ಯಾರನ್ನೂ ಕೇಳದೆ, 3,500 ಡಾಲರು ಮುಂಗಡವಿತ್ತು ಕ್ಲೈಬೋರ್ನ್ ಪಾರ್ಕಿನಲ್ಲಿ ಮನೆಯೊಂದನ್ನು ಗೊತ್ತುಮಾಡುತ್ತಾಳೆ. ಅದು ಬಿಳಿಯರ ಬಡಾವಣೆ. ಹಟಕ್ಕಾಗಿ ಅವಳು ಅಲ್ಲಿಗೆ ಹೋದುದಲ್ಲ; ಕಪ್ಪುಜನರಿಗೆಂದು ಕಟ್ಟಿದ ದೂರದ ಮನೆಗಳಿಗೆ ಇದರ ಎರಡರಷ್ಟು ಬೆಲೆಯಿದ್ದುದೇ ಕಾರಣ. ಆಸೆಗೆಟ್ಟ ವಾಲ್ಟರ್ ಮೂರು ದಿನ ಕೆಲಸಕ್ಕೆ ಹೋಗದೆ ಅಲೆಯುತ್ತಾನೆ. ಮಗನ ಮನಸ್ಸನ್ನು ತಾನೇ ಮುರಿದೆನೆಂದು ನೊಂದ ತಾಯಿ ಉಳಿದ 6,500 ಡಾಲರುಗಳನ್ನು ಅವನ ಕೈಗಿತ್ತು, 3,000ವನ್ನು ತಂಗಿಯ ಓದಿಗೆ ಬ್ಯಾಂಕಿನಲ್ಲಿರಿಸಿ ಮಿಕ್ಕುದನ್ನು ಮನೆಯ ಯಜಮಾನನಾಗಿ ನೀನೇ ನೋಡಿಕೋ ಎಂದು ಒಪ್ಪಿಸುತ್ತಾಳೆ.

ಮನೆ ಬದಲಾಯಿಸುವ ದಿನ ಇಬ್ಬರು ಅತಿಥಿಗಳು ಬರುತ್ತಾರೆ. ಮೊದಲನೆಯವನು ಕ್ಲೈಬೋರ್ನ್ ಪಾರ್ಕಿನ ಅಭಿವೃದ್ಧಿ ಸಂಘದ ಪ್ರತಿನಿಧಿ ಕಾರ್ಲ್ ಲಿಂಡ್ನರ್. ನಾಟಕದಲ್ಲಿ ಬರುವ ಏಕೈಕ ಬಿಳಿಯ ಪಾತ್ರ. ಮೃದುವಾಗಿ, ಕ್ಷಮೆ ಕೇಳುವ ಧ್ವನಿಯಲ್ಲಿ, ಯಂಗರರು ಆ ಮನೆಯನ್ನು ಬಿಟ್ಟುಕೊಟ್ಟರೆ ಸಂಘವು ಅವರಿಗೆ ಲಾಭವಾಗುವ ಬೆಲೆಯನ್ನೇ ಕೊಟ್ಟು ಅದನ್ನು ಕೊಳ್ಳುವುದೆಂದು ಅವನು ತಿಳಿಸುತ್ತಾನೆ. ವಾಲ್ಟರ್ ಅವನನ್ನು ಹೊರಗೆ ಕಳುಹಿಸುತ್ತಾನೆ. ಎರಡನೆಯವನು ಬೋಬೊ: ವಾಲ್ಟರ್ ತಂಗಿಯ ಪಾಲನ್ನೂ ಸೇರಿಸಿ ಕೊಟ್ಟಿದ್ದ ಹಣವೆಲ್ಲವನ್ನೂ ಎತ್ತಿಕೊಂಡು ವಿಲಿ ಹ್ಯಾರಿಸ್ ಪರಾರಿಯಾಗಿದ್ದಾನೆ.

ಮೂರನೆಯ ಅಂಕ ಒಂದು ಗಂಟೆಯ ಅನಂತರದ್ದು. ಸೋತ ವಾಲ್ಟರ್ ಲಿಂಡ್ನರನನ್ನು ಮರಳಿ ಕರೆಸಿ, ಅವನ ಹಣಕ್ಕೆ ಕೈಯೊಡ್ಡಲು ನಿಶ್ಚಯಿಸಿ, ಹೇಗೆ ಮೊಣಕಾಲೂರಿ ಬೇಡುವೆನೆಂಬುದನ್ನು ಮನೆಯವರ ಮುಂದೆ ನಟಿಸಿ ತೋರಿಸುತ್ತಾನೆ. ಅಮೆರಿಕದ ರಂಗಭೂಮಿಯಲ್ಲಿ ಇದಕ್ಕಿಂತ ದಾರುಣವಾದ ದೃಶ್ಯಗಳು ವಿರಳ. ಲಿಂಡ್ನರ್ ಬಂದಾಗ ಟ್ರಾವಿಸನನ್ನು ಹೊರಗೆ ಕಳುಹಿಸಲು ಲೀನಾ ಬಿಡುವುದಿಲ್ಲ. ಆ ದೇಶದಲ್ಲಿ ತಮ್ಮ ವಂಶದ ಆರನೆಯ ತಲೆಮಾರಿನವನಾದ ಆ ಬಾಲಕನ ಕಣ್ಣೆದುರಿನಲ್ಲಿಯೇ ಮಾಡುವುದನ್ನು ಮಾಡೆಂದು ನಿಲ್ಲಿಸುತ್ತಾಳೆ. ಮಗನ ಮುಖವನ್ನು ನೋಡುತ್ತ ವಾಲ್ಟರ್ ತಡವರಿಸಿ, ಕಡೆಗೆ, ತಂದೆ ಇಟ್ಟಿಗೆ ಇಟ್ಟಿಗೆಯಾಗಿ ಗಳಿಸಿದ ಆ ಮನೆಗೆ ತಾವು ಹೋಗಿಯೇ ಹೋಗುವೆವೆಂದು ಹೇಳುತ್ತಾನೆ. ಸಾಮಾನು ಹೊರಡುತ್ತದೆ. ಕೊನೆಗೆ ಉಳಿದ ಲೀನಾ ತನ್ನ ಬಾಡಿದ ಕುಂಡದ ಗಿಡವನ್ನು ಮರೆತು ಹೋಗಿ, ಮತ್ತೆ ಬಂದು ಎತ್ತಿಕೊಂಡು ಹೊರಗೆ ಹೋದಾಗ ತೆರೆ ಬೀಳುತ್ತದೆ.

ಪಾತ್ರಗಳು

ಲೀನಾ ದಕ್ಷಿಣದಿಂದ ವಲಸೆಬಂದ ತಲೆಮಾರಿನವಳು. ದೈವಭಕ್ತಿ, ಮಿತವ್ಯಯ, ಮಾನ ಅವಳ ಬಲ; ಬೆಳೆದ ಮಕ್ಕಳ ಮೇಲೆ ಅಧಿಕಾರ ನಡೆಸುವುದು ಅವಳ ದೋಷ, ಮತ್ತು ಅದನ್ನು ಅವಳೇ ಒಪ್ಪಿಕೊಳ್ಳುವುದು ನಾಟಕದ ತಿರುವುಗಳಲ್ಲೊಂದು. ಒಂದೇ ಕಿಟಕಿಯ ಅಲ್ಪ ಬೆಳಕಿನಲ್ಲಿ ಅವಳು ಸಾಕುವ ಗಿಡ ಆದಿಯಿಂದ ಅಂತ್ಯದವರೆಗೂ ಸಂಕೇತವಾಗಿ ನಿಂತಿದೆ. ಪ್ರಥಮ ಪ್ರದರ್ಶನದ ಕಾಲದಲ್ಲಿ ಹಲವರು ಅವಳನ್ನೇ ನಾಯಕಿಯೆಂದು ತಿಳಿದರು. ಆದರೆ ಪತನಹೊಂದಿ ಮೇಲೇಳುವವನು ವಾಲ್ಟರ್, ಕ್ರಿಯೆಯ ಭಾರವೆಲ್ಲ ಅವನ ಮೇಲಿದೆ.

ಬೆನೀತಾಳನ್ನು ಕರ್ತೃ ತನ್ನ ತಾರುಣ್ಯವನ್ನು ನೆನೆದು ಚಿತ್ರಿಸಿದಳು. ಅವಳನ್ನು ಬಯಸುವವರು ಇಬ್ಬರು: ಧನಿಕನ ಮಗನೂ ಬಿಳಿಯರ ರೀತಿಗಳನ್ನು ಅನುಸರಿಸುವವನೂ ಆದ ಜಾರ್ಜ್ ಮರ್ಚಿಸನ್, ಮತ್ತು ನೈಜೀರಿಯದ ಯೊರುಬಾ ವಿದ್ಯಾರ್ಥಿ ಜೋಸೆಫ್ ಅಸಗಾಯಿ. ನೈಜೀರಿಯ ಸ್ವತಂತ್ರವಾದುದು 1960ರಲ್ಲಿ; ಅದಕ್ಕೆ ಒಂದು ವರ್ಷ ಮೊದಲೇ, ಆಫ್ರಿಕವೆಂದರೆ ಕಾಡು ಮತ್ತು ಕಾಡುಜನ ಎಂದು ಚಲನಚಿತ್ರಗಳಿಂದ ಕಲಿತಿದ್ದ ಪ್ರೇಕ್ಷಕರ ಮುಂದೆ, ತನ್ನ ದೇಶದ ವಿಮೋಚನೆಯನ್ನು ಕುರಿತು ವಿವೇಚಿಸಿ ಮಾತನಾಡುವ ಸುಶಿಕ್ಷಿತ ಆಫ್ರಿಕನ್ ತರುಣನನ್ನು ಹ್ಯಾನ್ಸ್‌ಬೆರಿ ತಂದು ನಿಲ್ಲಿಸಿದಳು. ಹಣ ಹೋದ ಮೇಲೆ, ಮನುಷ್ಯರ ನಡೆ ಸುತ್ತಿ ಸುತ್ತಿ ಇದ್ದಲ್ಲಿಗೇ ಬರುವ ವೃತ್ತವೆಂದು ಬೆನೀತಾಳೂ, ಕೊನೆ ಕಾಣದಷ್ಟು ದೀರ್ಘವಾದ ರೇಖೆಯೆಂದು ಅಸಗಾಯಿಯೂ ನಡೆಸುವ ವಾದ ನಾಟಕದ ತಾತ್ತ್ವಿಕ ಕೇಂದ್ರ.

ರಂಗವಿನ್ಯಾಸ ಮತ್ತು ಭಾಷೆ

ಮೂರು ಅಂಕಗಳಲ್ಲಿ ಒಟ್ಟು ಆರು ದೃಶ್ಯಗಳಿವೆ. ಕೆಲವು ವಾರಗಳಲ್ಲಿ ನಡೆಯುವ ಕ್ರಿಯೆಯೆಲ್ಲವೂ ಒಂದೇ ಕೋಣೆಗೆ ಸೀಮಿತ. ಸವೆದ ಕಂಬಳಿ, ಹೊಳಪು ಕಳೆದ ಪೀಠೋಪಕರಣ, ಒಂದೇ ಪುಟ್ಟ ಕಿಟಕಿ ಇವುಗಳನ್ನು ಕರ್ತೃ ರಂಗಸೂಚನೆಗಳಲ್ಲಿ ವಿಸ್ತಾರವಾಗಿ ವರ್ಣಿಸಿದ್ದಾಳೆ. ಕೊಂಡ ಮನೆಯನ್ನು ಪ್ರೇಕ್ಷಕರು ಒಮ್ಮೆಯೂ ಕಾಣುವುದಿಲ್ಲ. ಸಂಭಾಷಣೆ ಷಿಕಾಗೊದ ಕಪ್ಪುಜನರ ಆಡುಮಾತಿನಲ್ಲಿದ್ದು, ಲೀನಾಳ ದಕ್ಷಿಣದ ನುಡಿಗೂ ಬೆನೀತಾಳ ಕಾಲೇಜಿನ ಇಂಗ್ಲಿಷಿಗೂ ನಡುವಣ ಅಂತರ ಪ್ರತಿ ದೃಶ್ಯದಲ್ಲಿಯೂ ಕೇಳಿಬರುತ್ತದೆ. ನೆರೆಯವಳಾದ ಮಿಸೆಸ್ ಜಾನ್ಸನ್ನಳ ಪ್ರವೇಶ, ಬೆನೀತಾ ತಲೆಗೂದಲನ್ನು ಸಹಜರೂಪದಲ್ಲಿ ಬಿಡುವ ಸಂದರ್ಭ, ಟ್ರಾವಿಸ್ ಇಲಿಯ ಬೇಟೆಯನ್ನು ವರ್ಣಿಸುವ ಭಾಗ ಇವುಗಳನ್ನು 1959ರ ಪ್ರದರ್ಶನದಲ್ಲಿ ಕೈಬಿಡಲಾಗಿತ್ತು. 1980ರ ದಶಕದ ಮುದ್ರಣಗಳಲ್ಲಿ ಅವು ಮತ್ತೆ ಸೇರಿದುವು.

ಪ್ರಥಮ ಪ್ರದರ್ಶನ

ಕಪ್ಪುಜನರ ಬಾಳನ್ನು ಕುರಿತ ಗಂಭೀರ ನಾಟಕಕ್ಕೆ ಬಂಡವಾಳ ಹೂಡಲು ಬ್ರಾಡ್‌ವೇಯ ಧನಿಕರು ಹಿಂಜರಿದುದರಿಂದ, ನಿರ್ಮಾಪಕ ಫಿಲಿಪ್ ರೋಸ್ ಒಂದು ವರ್ಷಕ್ಕೂ ಹೆಚ್ಚು ಕಾಲ ಸಣ್ಣ ಸಣ್ಣ ಮೊತ್ತಗಳನ್ನು ಹಲವರಿಂದ ಕೂಡಿಸಬೇಕಾಯಿತು. ನಿರ್ದೇಶಕ ಲಾಯ್ಡ್ ರಿಚರ್ಡ್ಸ್ ಸಹ ಕಪ್ಪುಜನಾಂಗದವನು; ಆಧುನಿಕ ಬ್ರಾಡ್‌ವೇಯಲ್ಲಿ ಆ ಸ್ಥಾನವನ್ನು ಪಡೆದವರಲ್ಲಿ ಮೊದಲಿಗನೆಂದು ಪರಿಗಣಿತನಾಗಿದ್ದಾನೆ. ನ್ಯೂ ಹೇವನ್, ಫಿಲಡೆಲ್ಫಿಯ, ಷಿಕಾಗೊಗಳಲ್ಲಿ ಪರೀಕ್ಷಾರ್ಥವಾಗಿ ಆಡಿದ ಬಳಿಕವೇ ನಾಟಕ ನ್ಯೂಯಾರ್ಕಿಗೆ ಬಂದಿತು. ಸಿಡ್ನಿ ಪಾಯ್ಟಿಯರ್ (ವಾಲ್ಟರ್), ಕ್ಲಾಡಿಯ ಮೆಕ್ನೀಲ್ (ಲೀನಾ), ರೂಬಿ ಡೀ (ರೂತ್), ಡಯಾನ ಸ್ಯಾಂಡ್ಸ್ (ಬೆನೀತಾ) ಮುಖ್ಯ ಪಾತ್ರಗಳಲ್ಲಿ ನಟಿಸಿದರು. 1960ರ ಜೂನ್ 25ರ ಪರ್ಯಂತ 530 ಪ್ರದರ್ಶನಗಳು ನಡೆದುವು. ಆ ವರ್ಷದ ಅತ್ಯುತ್ತಮ ಅಮೆರಿಕನ್ ನಾಟಕವೆಂದು ನ್ಯೂಯಾರ್ಕ್ ನಾಟಕ ವಿಮರ್ಶಕರ ಮಂಡಲಿಯ ಪ್ರಶಸ್ತಿ ಲಭಿಸಿತು. ಅದನ್ನು ಪಡೆದ ಕಪ್ಪುಜನಾಂಗದ ನಾಟಕಕಾರರಲ್ಲಿ ಹ್ಯಾನ್ಸ್‌ಬೆರಿಯೇ ಮೊದಲಿಗಳು, ವಯಸ್ಸಿನಲ್ಲಿ ಅಮೆರಿಕನ್ನರೊಳಗೆ ಅತಿ ಕಿರಿಯಳು. ಟೋನಿ ಪ್ರಶಸ್ತಿಗೆ ನಾಲ್ಕು ವಿಭಾಗಗಳಲ್ಲಿ ಸೂಚಿತವಾದರೂ ಯಾವುದೂ ಬರಲಿಲ್ಲ. ಅದುವರೆಗೆ ಬ್ರಾಡ್‌ವೇಯತ್ತ ಹೆಚ್ಚಾಗಿ ಸುಳಿಯದಿದ್ದ ಕಪ್ಪುಜನಾಂಗದ ಪ್ರೇಕ್ಷಕರು ಈ ನಾಟಕಕ್ಕೆ ದೊಡ್ಡ ಸಂಖ್ಯೆಯಲ್ಲಿ ಬಂದುದು ಪ್ರಶಸ್ತಿಗಳಿಗಿಂತ ಗಣನೀಯವಾದ ಸಂಗತಿ.

ವಿಮರ್ಶೆ

ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಬ್ರೂಕ್ಸ್ ಅಟ್ಕಿನ್‌ಸನ್ ಇದನ್ನು ಚೆಕಾವನ ದ ಚೆರಿ ಆರ್ಚರ್ಡ್ ನಾಟಕದೊಡನೆ ಹೋಲಿಸಿ ಪ್ರಶಂಸಿಸಿದನು. ಮತ್ತೆ ಕೆಲವರು, ಇದು ಯಾವುದೇ ಕುಟುಂಬದ ಕಥೆಯಾಗಬಹುದಾಗಿತ್ತೆಂದೂ, ಸುಖಾಂತವೆಂದೂ ಹೊಗಳಿದರು. ಎರಡೂ ಮಾತುಗಳು ಕೃತಿಗೆ ನ್ಯಾಯ ಸಲ್ಲಿಸುವುದಿಲ್ಲ. ಯಂಗರರ ಕನಸಿಗೆ ಅಡ್ಡನಿಂತುದು ಅವರ ಜನಾಂಗವನ್ನು ಕುರಿತ ದ್ವೇಷವೇ. ಮತ್ತು ತೆರೆ ಬಿದ್ದ ಮೇಲೆ ಅವರು ಹೋಗುವುದು ಗುಂಪು ನೆರೆಯಬಹುದಾದ, ಕಲ್ಲು ತೂರಿಬರಬಹುದಾದ ಬೀದಿಗೆ, ಕೈಯಲ್ಲಿ ಕಾಸಿಲ್ಲದೆ.

ಎದುರು ದಿಕ್ಕಿನಿಂದಲೂ ಆಕ್ಷೇಪಣೆಗಳು ಬಂದುವು. 1960ರ ದಶಕದ ಉಗ್ರಪಕ್ಷದ ಲೇಖಕರು, ಬಿಳಿಯರ ನೆರೆಯಲ್ಲಿ ಮನೆ ಬಯಸುವುದು ಮಧ್ಯಮವರ್ಗದ ಆಸೆಯೆಂದು ಟೀಕಿಸಿದರು. ಹೆರಾಲ್ಡ್ ಕ್ರೂಸ್ 1967ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಈ ವಾದವನ್ನು ತೀವ್ರವಾಗಿ ಮಂಡಿಸಿದನು. ಅದೇ ಅಭಿಪ್ರಾಯವನ್ನು ತಳೆದಿದ್ದ ಕವಿ ನಾಟಕಕಾರ ಅಮೀರಿ ಬರಾಕ 1980ರ ದಶಕದಲ್ಲಿ ತನ್ನ ಹಿಂದಿನ ನಿಲುವನ್ನು ಹಿಂತೆಗೆದುಕೊಂಡು, ಈ ನಾಟಕವು ಕಪ್ಪುಜನರಲ್ಲಿ ಬಹುಸಂಖ್ಯಾತರ ಹೋರಾಟವನ್ನೇ ಚಿತ್ರಿಸಿತೆಂದು ಬರೆದನು.

ರೂಪಾಂತರಗಳು

1961ರಲ್ಲಿ ಡೇನಿಯಲ್ ಪೆಟ್ರಿಯ ನಿರ್ದೇಶನದಲ್ಲಿ, ಹ್ಯಾನ್ಸ್‌ಬೆರಿಯದೇ ಚಿತ್ರಕಥೆಯಿಂದ, ಬಹುಮಟ್ಟಿಗೆ ಮೂಲನಟರೊಡನೆ ಚಲನಚಿತ್ರವಾಯಿತು. 1973ರಲ್ಲಿ ಬಂದ ರೇಸಿನ್ ಎಂಬ ಸಂಗೀತನಾಟಕ 847 ಪ್ರದರ್ಶನಗಳನ್ನು ಕಂಡು, 1974ರಲ್ಲಿ ಅತ್ಯುತ್ತಮ ಸಂಗೀತನಾಟಕದ ಟೋನಿ ಪ್ರಶಸ್ತಿಯನ್ನು ಪಡೆಯಿತು. 1989ರ ದೂರದರ್ಶನ ರೂಪದಲ್ಲಿ ಡ್ಯಾನಿ ಗ್ಲೋವರ್ ಮತ್ತು ಎಸ್ತರ್ ರೋಲ್ ನಟಿಸಿದರು. ಬ್ರೂಸ್ ನಾರಿಸ್ ಬರೆದ ಕ್ಲೈಬೋರ್ನ್ ಪಾರ್ಕ್ (2010) ಯಂಗರರು ಕೊಂಡ ಮನೆಯ ಒಳಗಿನಿಂದಲೇ ಕಥೆಯನ್ನು ಹೇಳುವ ಸ್ವತಂತ್ರ ನಾಟಕ. ಅದರ ಮೊದಲ ಅಂಕ 1959ರಲ್ಲಿಯೂ ಎರಡನೆಯದು ಐವತ್ತು ವರ್ಷಗಳ ಅನಂತರವೂ ನಡೆಯುತ್ತದೆ. 2011ರಲ್ಲಿ ಅದಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂದಿತು.

ಇಂದಿನ ಸ್ಥಿತಿ

ಹ್ಯಾನ್ಸ್‌ಬೆರಿ ಅರ್ಬುದರೋಗದಿಂದ 1965ರ ಜನವರಿ 12ರಂದು, ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಮೃತಳಾದಳು. ಮನೆಗಳ ಮಾರಾಟ ಮತ್ತು ಬಾಡಿಗೆಗಳಲ್ಲಿ ಜನಾಂಗಭೇದವನ್ನು ನಿಷೇಧಿಸಿದ ಕೇಂದ್ರ ಶಾಸನ ಬಂದುದು ಅದಾದ ಮೂರು ವರ್ಷಗಳಿಗೆ, 1968ರಲ್ಲಿ. ನಾಟಕ ಅಮೆರಿಕದ ಶಾಲಾ ಕಾಲೇಜುಗಳಲ್ಲಿ ವ್ಯಾಪಕವಾಗಿ ಪಠ್ಯವಾಗಿದೆ. ಕೆನಿ ಲಿಯನ್ ನಿರ್ದೇಶಿಸಿದ ಎರಡು ಪುನಃಪ್ರಯೋಗಗಳು ಬ್ರಾಡ್‌ವೇಯಲ್ಲಿ ನಡೆದುವು. 2004ರದರಲ್ಲಿ ಲೀನಾಳ ಪಾತ್ರಕ್ಕೆ ಫಿಲೀಷಿಯ ರಷಾದ್, ನಾಟಕವೊಂದರ ಪ್ರಧಾನ ನಟಿಯಾಗಿ ಟೋನಿ ಪಡೆದ ಕಪ್ಪುಜನಾಂಗದ ಮೊದಲ ಮಹಿಳೆಯಾದಳು. ಡೆನ್ಜೆಲ್ ವಾಷಿಂಗ್‌ಟನ್ ನಟಿಸಿದ 2014ರ ಪ್ರಯೋಗ, ಮೊದಲ ಪ್ರದರ್ಶನ ನಡೆದ ಬ್ಯಾರಿಮೋರ್ ಮಂದಿರದಲ್ಲಿಯೇ ನಡೆದು, ಅತ್ಯುತ್ತಮ ಪುನಃಪ್ರಯೋಗದ ಟೋನಿಯನ್ನು ಗಳಿಸಿತು. ದಕ್ಷಿಣ ರೋಡ್ಸ್ ಅವೆನ್ಯೂವಿನ 6140ನೆಯ ಸಂಖ್ಯೆಯ ಮನೆಯನ್ನು ಷಿಕಾಗೊ ನಗರಸಭೆ 2010ರಲ್ಲಿ ಸಂರಕ್ಷಿತ ಸ್ಮಾರಕವೆಂದು ಘೋಷಿಸಿತು.